ಗುಡಾರವನ್ನೂ ಮನೆ ಅಂತ ಬರೆದುಕೊಳ್ಳಿ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಮಸ್ಕಾರ.

ನಾನು ಅರ್ಜಿ ಬರೆಯುವವನು. ಕಚೇರಿಗಳ ಕಾಂಪೌಂಡಿನ ಹೊರಗೆ ಮರದ ನೆರಳಲ್ಲಿ ಒಂದು ಟೇಬಲ್ಲು, ಎರಡು ಕುರ್ಚಿ ಹಾಕಿಕೊಂಡು ಕೂತಿರುತ್ತಾರಲ್ಲ, ಅವರಲ್ಲಿ ಒಬ್ಬ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಪಹಣಿ ತಿದ್ದುಪಡಿ, ವಿಧವಾ ವೇತನ, ಜಾತಿ ಪ್ರಮಾಣಪತ್ರ, ಬೆಳೆ ಪರಿಹಾರ, ಎಲ್ಲದಕ್ಕೂ ಬರೆದಿದ್ದೇನೆ. 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅನ್ನುವ ಸಾಲನ್ನು ಎಷ್ಟು ಸಾವಿರ ಸಲ ಬರೆದೆನೋ ಲೆಕ್ಕ ಇಟ್ಟಿಲ್ಲ. ಇವತ್ತು ನನ್ನ ಮಾತು ಬರೆಯುತ್ತಿದ್ದೇನೆ. ಇದು ಒಂದು ಪುಟದ ಅರ್ಜಿಯಲ್ಲಿ ಹಿಡಿಸುವುದಿಲ್ಲ. ನಿಮ್ಮೊಬ್ಬರಿಗೇ ಹೇಳುವ ವಿಷಯವೂ ಅಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನಾನು ಗುಡಾರದಲ್ಲಿ ವಾಸ ಮಾಡುತ್ತೇನೆ. ಸಂಗನಕಲ್ಲು ಗುಡ್ಡದ ಕಡೆ, ಗೆಳೆಯನೊಬ್ಬನ ಹೊಲದ ಬದುವಿನಲ್ಲಿ. ಊರಿಗೆ ಸೈಕಲ್ ಮೇಲೆ ಮುಕ್ಕಾಲು ಗಂಟೆ ದಾರಿ. 2021ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದೆ. ಆಮೇಲೆ ಬಿಸಿಲು, ಮಳೆ, ಚಳಿ ಅಂತ ಒಂದು ದಿನವೂ ಬಾಡಿಗೆ ಮನೆಗೆ ವಾಪಸ್ ಹೋಗಿಲ್ಲ. ಹೋಗುವ ಆಸೆಯೂ ಇಲ್ಲ. ಆದರೆ ನಿಮ್ಮ ಜಿಲ್ಲೆಯ ಕಾಗದಗಳಲ್ಲಿ ನನಗೆ ಮನೆ ಇಲ್ಲ.

ಹೇಗೆ ಹೋದೆ ಅಂತ ಮೊದಲು ಹೇಳಿಬಿಡುತ್ತೇನೆ. ಕೊರೊನಾ ಎರಡನೇ ಅಲೆ. ನಾನಿದ್ದದ್ದು ಒಂದು ವಠಾರದ ಮಹಡಿ ಮೇಲಿನ ತಗಡಿನ ಕೋಣೆ. ಕೆಳಗೆ ಎರಡು ಮನೆಗೆ ಬೇನೆ ಬಂದಿತ್ತು. ಗೆಳೆಯ ಫೋನ್ ಮಾಡಿ, "ಹೊಲದಾಗ ಬೇವಿನ ಮರ ಐತಿ, ಬಾವಿ ಐತಿ, ನಾಕು ದಿನ ಇದ್ದು ಹೋಗು" ಅಂದ. ನಮ್ಮಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. ಪ್ಲೇಗ್ ಬಂದಾಗ ಇಡೀ ಊರಿಗೆ ಊರೇ ಬಾಗಿಲು ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರಂತೆ. ಬೇನೆ ಇಳಿದ ಮೇಲೂ ಕೆಲವರು ವಾಪಸ್ ಬರಲಿಲ್ಲವಂತೆ. ಚಿಕ್ಕವನಿದ್ದಾಗ ಅದು ಯಾಕೆ ಅಂತ ಅರ್ಥ ಆಗುತ್ತಿರಲಿಲ್ಲ. ಈಗ ಆಗುತ್ತದೆ.

ಮೊದಲ ವಾರವೇ ಒಂದು ಗೊತ್ತಾಯಿತು. ನಾನು ವರ್ಷಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ತಗಡಿನ ಕೋಣೆ ರಾತ್ರಿ ಎರಡು ಗಂಟೆಯಾದರೂ ಕಾದ ಹಂಚಿನ ಹಾಗೆ ಇರುತ್ತಿತ್ತು. ಇಲ್ಲಿ ಸೂರ್ಯ ಮುಳುಗಿದ ಒಂದು ತಾಸಿಗೆ ನೆಲ ತಣ್ಣಗಾಗುತ್ತದೆ. ಹೊರಸಿನ ಮೇಲೆ ಒಂದು ಚಾದರ ಹಾಸಿ ಮಲಗಿದರೆ ಬೆಳಗಿನ ಐದೂವರೆಗೆ ನವಿಲು ಕೂಗಿದಾಗಲೇ ಎಚ್ಚರ. ನಾಲ್ಕು ದಿನ ಅಂತ ಹೋದವನು ತಿಂಗಳಾದ ಮೇಲೆ ಕೋಣೆಯ ಬೀಗದ ಕೈ ಕೊಟ್ಟುಬಂದೆ.

ಗುಡಾರ ಅಂದರೆ ಜನ ಒಂದು ಹರಕು ಪ್ಲಾಸ್ಟಿಕ್ ಹಾಳೆ ನೆನೆಸಿಕೊಳ್ಳುತ್ತಾರೆ. ನನ್ನದು ದಪ್ಪ ಹತ್ತಿ ಕ್ಯಾನ್ವಾಸು. ಪ್ಲಾಸ್ಟಿಕ್ ತಾಡಪಾಲಿನಲ್ಲಿ ಬಳ್ಳಾರಿಯ ಬೇಸಿಗೆ ಕಳೆಯಲು ಆಗುವುದಿಲ್ಲ, ಒಳಗೆ ಬೆಂದುಹೋಗುತ್ತೀರಿ. ಹತ್ತಿ ಬಟ್ಟೆ ಉಸಿರಾಡುತ್ತದೆ. ಅದರ ಮೇಲೆ ಒಂದು ಮೊಳ ಸಂದು ಬಿಟ್ಟು ಇನ್ನೊಂದು ಹೊದಿಕೆ ಕಟ್ಟಿದ್ದೇನೆ. ಬಿಸಿಲು ಮೇಲಿನದಕ್ಕೆ ಬೀಳುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ, ಕೆಳಗಿನ ಬಟ್ಟೆ ಅಷ್ಟು ಕಾಯುವುದಿಲ್ಲ. ಎರಡು ಪಕ್ಕ ಎತ್ತಿ ಕಟ್ಟಿಬಿಟ್ಟರೆ ಚಪ್ಪರ ಆಗುತ್ತದೆ. ಮೂಲೆಯಲ್ಲಿ ಮರಳಿನ ಮೇಲೆ ಮಣ್ಣಿನ ಹರವಿ, ಅದಕ್ಕೆ ಸುತ್ತಿದ ಒದ್ದೆ ಗೋಣಿಚೀಲ. ಫ್ರಿಜ್ಜಿನ ನೀರು ಕುಡಿದು ಗಂಟಲು ಕೆಡಿಸಿಕೊಳ್ಳುತ್ತಿದ್ದವನು ನಾನು. ಈಗ ಆ ಹರವಿ ನೀರು ಬಿಟ್ಟು ಬೇರೆ ನೀರು ರುಚಿಸುವುದಿಲ್ಲ.

ಇದೆಲ್ಲ ನನಗೆ ತಾನಾಗಿ ಬಂದ ಬುದ್ಧಿ ಅಲ್ಲ. ಮೊದಲ ವರ್ಷ ಗುಡಾರವನ್ನು ಎರೆ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ ಹಾಕಿದ್ದೆ. ಬೇಸಿಗೆಯಲ್ಲಿ ಎರೆ ಕಲ್ಲಿನ ಹಾಗೆ ಗಟ್ಟಿ, ಗೂಟ ಎಷ್ಟು ಭದ್ರ ಅನ್ನಿಸುತ್ತಿತ್ತು! ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಹಿಡಿಯಿತು. ನಮ್ಮ ಕಡೆ ಮುಂಗಾರು ಸುಮ್ನೆ ಹನಿ ಉದುರಿಸಿ ಹೋಗುತ್ತದೆ, ನಿಜವಾದ ಮಳೆ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಎರಡನೇ ರಾತ್ರಿ ನೆಲ ಬೆಣ್ಣೆಯಾಯಿತು. ಒಂದೊಂದೇ ಗೂಟ ಕಿತ್ತು ಬಂದು ಇಡೀ ಗುಡಾರ ನನ್ನ ಮೇಲೇ ಬಿತ್ತು. ಹಾಸಿಗೆ, ಬಟ್ಟೆ, ಬರೆದಿಟ್ಟ ಏಳು ಜನರ ಅರ್ಜಿ, ಎಲ್ಲ ನೆನೆದುಹೋದವು. ಬೆಳಗಿನವರೆಗೆ ಬಾವಿಯ ಪಂಪ್‌ಸೆಟ್ ಗೂಡಿನಲ್ಲಿ ಕೂತಿದ್ದೆ.

ಮರುದಿನ ದಾರಿಯಲ್ಲಿ ಹೋಗುತ್ತಿದ್ದ ಕುರಿಗಾರ ಅಜ್ಜ ನಿಂತು ನೋಡಿದರು. ನಗಲಿಲ್ಲ. "ಎರಿಯಾಗ ಯಾಕ ಹಾಕೀದಿ? ಮಸಾರಿಗೆ ಹೋಗು" ಅಂದರು. ಮಸಾರಿ ಅಂದರೆ ಕೆಂಪು ಮಣ್ಣಿನ ನೆಲ. ಜಾಗ ತಾವೇ ತೋರಿಸಿದರು. ಗೂಟ ಹೊಡೆಯುವುದರ ಬದಲು ಮೊಣಕಾಲುದ್ದ ಗುಂಡಿ ತೋಡಿ, ತಲೆ ಗಾತ್ರದ ಕಲ್ಲಿಗೆ ಹಗ್ಗ ಸುತ್ತಿ, ಅದನ್ನು ಗುಂಡಿಯಲ್ಲಿ ಅಡ್ಡಲಾಗಿ ಇಟ್ಟು, ಮೇಲೆ ಮಣ್ಣು ಗರಸು ತುಂಬಿ ತುಳಿಸಿದರು. ಹಾಗೆ ಎಂಟು ಕಲ್ಲು. ಸುತ್ತ ಒಂದು ಗೇಣು ಆಳದ ಕಾಲುವೆ, ಇಳಿಜಾರಿನ ಕಡೆ ಅದಕ್ಕೆ ಬಾಯಿ. ಆಮೇಲೆ ನಾಲ್ಕು ಆಷಾಢದ ಗಾಳಿ ಕಂಡಿದೆ ಆ ಗುಡಾರ. ಒಂದು ಹಗ್ಗವೂ ಸಡಿಲ ಆಗಿಲ್ಲ.

ಆ ಅಜ್ಜನ ವಿಷಯ ಬಂತು, ಅದನ್ನೇ ಸ್ವಲ್ಪ ಹೇಳುತ್ತೇನೆ. ಬಳ್ಳಾರಿ ಕುರಿ ಅಂತ ಒಂದು ತಳಿಯೇ ಇದೆ, ನಿಮಗೆ ಗೊತ್ತಿರುತ್ತದೆ. ನಮ್ಮ ಜಿಲ್ಲೆಯ ಹೆಸರು ಹೊತ್ತು ತಿರುಗುವ ಕುರಿ. ಅದನ್ನು ಕಾಯುವವರು ವರ್ಷದ ಎಷ್ಟೋ ತಿಂಗಳು ಮನೆಯಲ್ಲಿ ಮಲಗುವುದಿಲ್ಲ. ಜೋಳ ಕೊಯ್ದ ಹೊಲದಲ್ಲಿ ಹಟ್ಟಿ ಹಾಕುತ್ತಾರೆ. ರೈತರು ಗೊಬ್ಬರಕ್ಕೆ ಅಂತ ಕರೆದು ಕುರಿ ನಿಲ್ಲಿಸಿಕೊಳ್ಳುತ್ತಾರೆ, ಕಾಳು ಅಥವಾ ದುಡ್ಡು ಕೊಡುತ್ತಾರೆ. ಬಲೆಯ ಬೇಲಿ, ಒಂದು ಸಣ್ಣ ಗುಡಾರ, ಎರಡು ನಾಯಿ, ಕುದುರೆ ಮೇಲೆ ಸಂಸಾರ. ಕೂಸುಗಳೂ ಅಲ್ಲೇ, ಈದ ಮರಿಗಳೂ ಅಲ್ಲೇ. ಅವರನ್ನು ನೋಡಿದ ಮೇಲೆ ಗುಡಾರದಲ್ಲಿ ಇರುವುದು ವಿಚಿತ್ರ ಅಂತ ಹೇಳುವವರ ಮಾತು ನನಗೆ ತಲೆಗೆ ಹೋಗುವುದಿಲ್ಲ. ಈ ನೆಲದಲ್ಲಿ ಅದು ಎಷ್ಟು ಹಳೆಯದು ಅಂತ ಸಂಗನಕಲ್ಲು ಗುಡ್ಡವೇ ಹೇಳುತ್ತದಲ್ಲ.

1940ರ ದಶಕದಲ್ಲಿ ಪುರಾತತ್ವದ ಸುಬ್ಬರಾವ್ ಅವರು ಅಲ್ಲಿ ಅಗೆದು ನೋಡಿದರು. ಅವರಿಗಿಂತ ಮೊದಲೂ ಆಮೇಲೂ ಎಷ್ಟೋ ಜನ ಬಂದು ನೋಡಿದ್ದಾರೆ. ಸುಮಾರು 5000 ವರ್ಷದ ಹಿಂದೆ ದನ ಸಾಕಿಕೊಂಡು, ಕಪ್ಪು ಕಲ್ಲಿನಲ್ಲಿ ಕೊಡಲಿ ಮಾಡಿಕೊಂಡು, ದುಂಡಗಿನ ಗುಡಿಸಲು ಹಾಕಿಕೊಂಡು ಜನ ಇದ್ದ ಗುಡ್ಡಗಳು ಅವು. ಪಕ್ಕದ ಹಿರೇಗುಡ್ಡದ ಬಂಡೆಗಳ ಮೇಲೆ ಅವರು ಕುಟ್ಟಿದ ಉದ್ದ ಕೋಡಿನ, ಬೆನ್ನ ಮೇಲೆ ಇಣಿ ಎದ್ದ ಎತ್ತುಗಳು ಈಗಲೂ ಇವೆ. ಸಂಜೆ ಓರೆ ಬಿಸಿಲು ಬಿದ್ದಾಗ ಚೆನ್ನಾಗಿ ಕಾಣುತ್ತವೆ. ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಬಂಡೆಗಳೂ ಅಲ್ಲೇ ಇವೆ. ಹೊಸಪೇಟೆ ದಾರಿಯ ಕುಡತಿನಿಯಲ್ಲಿ ಅದೇ ಕಾಲದ ಬೂದಿದಿಬ್ಬ ಇದೆ. ದನದ ಹಟ್ಟಿಯ ಸಗಣಿ ಸುಟ್ಟು ಸುಟ್ಟು ಬೆಳೆದ ದಿಬ್ಬ. ಈ ಜನರ ನೆನಪಿಗೆ ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. ನಾನು ಅಲ್ಲಿಗೆ ಮೂರು ಸಲ ಹೋಗಿದ್ದೇನೆ. ಶಾಲೆ ಮಕ್ಕಳನ್ನು ಕರೆತಂದು, 'ಇವರು ನಮ್ಮ ಮೊದಲ ಊರಿನವರು' ಅಂತ ಮೇಷ್ಟ್ರು ಹೇಳುವುದನ್ನು ಕೇಳಿ ನನಗೆ ಕಣ್ಣು ತುಂಬಿಬಂದಿತ್ತು. ಅವರಿಗೂ ಆರ್‌ಸಿಸಿ ಮನೆ ಇರಲಿಲ್ಲ. ಊರಿನವರು ಅನ್ನಿಸಿಕೊಂಡರಲ್ವಾ.

ಈಗ ನನ್ನ ತೊಂದರೆಗೆ ಬರುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಗುಡಾರದ ಜಾಗಕ್ಕೇ ಇದೆ. ಚುನಾವಣಾ ಆಯೋಗದ ನಿಯಮ ಬಹಳ ಮನುಷ್ಯತ್ವದ ನಿಯಮ. ಸೂರಿಲ್ಲದವರು ನಮೂನೆ 6ರಲ್ಲಿ ತಾವು ರಾತ್ರಿ ಮಲಗುವ ಜಾಗ ಬರೆದರೆ ಸಾಕು. ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೆ ಬಂದು, ಈ ಮನುಷ್ಯ ನಿಜವಾಗಿ ಇಲ್ಲೇ ಮಲಗುತ್ತಾನಾ ಅಂತ ನೋಡಬೇಕು. ಮಲಗುತ್ತಾನೆ ಅಂತ ಖಾತ್ರಿಯಾದರೆ ಬೇರೆ ವಾಸದ ದಾಖಲೆ ಕೇಳುವ ಹಾಗಿಲ್ಲ. ಈ ನಿಯಮದ ಮೇಲೆ ನಾನು ಬೇರೆಯವರಿಗೆ ಅರ್ಜಿ ತುಂಬಿಕೊಟ್ಟಿದ್ದೆ. ನನಗೂ ತುಂಬಿದೆ.

ಒಂದು ರಾತ್ರಿ ಒಂಬತ್ತೂವರೆ ಇರಬಹುದು. ದಾರಿಯಲ್ಲಿ ಬೈಕಿನ ಲೈಟು ಕಂಡಿತು. ನಮ್ಮ ಬೂತ್ ಮಟ್ಟದ ಅಧಿಕಾರಿಯಾಗಿದ್ದ ಶಾಲೆಯ ಟೀಚರಮ್ಮ, ಜೊತೆಗೆ ಅವರ ಮಗ. ದಾರಿ ತಪ್ಪಿ ಎರಡು ಹೊಲ ಸುತ್ತಿ ಬಂದಿದ್ದರು, ಸೀರೆ ಅಂಚಿಗೆಲ್ಲ ಹುಲ್ಲುಮುಳ್ಳು ಅಂಟಿಕೊಂಡಿತ್ತು. ನಾನು ಹೊರಸು ಬಿಟ್ಟುಕೊಟ್ಟೆ. ಹರವಿಯ ನೀರು ಎರಡು ಚೊಂಬು ಕುಡಿದರು. ಟಾರ್ಚ್ ಹಿಡಿದು ಒಳಗೆ ನೋಡಿದರು: ಟ್ರಂಕು, ಒಲೆ, ಹಗ್ಗದ ಮೇಲೆ ಎರಡು ಜೊತೆ ಬಟ್ಟೆ, ರೇಡಿಯೋ. "ಎಷ್ಟು ವರ್ಷ ಆಯ್ತು ರೀ ಇಲ್ಲಿ?" ಅಂದರು. ಹೇಳಿದೆ. ಪೆನ್ನು ತೆಗೆದು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದರು. ಆಮೇಲೆ ಹತ್ತು ನಿಮಿಷ ಸುಮ್ನೆ ಕೂತರು. "ತಂಪು ಐತಿ ಬಿಡ್ರಿ, ನಮ್ಮ ಮನಿಯಾಗ ಕರೆಂಟ್ ಹೋದ್ರ ಕೂಡಾಕ ಆಗಂಗಿಲ್ಲ" ಅಂದರು. ಇನ್ನೊಂದು ವಾರಕ್ಕೆ ಮತ್ತೊಮ್ಮೆ ಬಂದು ನೋಡಿದರು. ಗುರುತಿನ ಚೀಟಿ ಕೈಗೆ ಬಂತು. ಆ ತಾಯಿಯನ್ನು ನಾನು ದಿನಾ ನೆನೆಯುತ್ತೇನೆ.

ಅದೇ ಚೀಟಿ ಹಿಡಿದುಕೊಂಡು ಇನ್ನೊಂದು ಕಚೇರಿಗೆ ಹೋದೆ. ಪಡಿತರ ಚೀಟಿಯನ್ನು ಹೊಸ ಜಾಗಕ್ಕೆ ಬದಲಾಯಿಸಬೇಕಿತ್ತು. ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ, ಒಬ್ಬರ ಮೇಲೆ ದೂರು ಹಾಕುವುದು ನನ್ನ ಉದ್ದೇಶ ಅಲ್ಲ. ಕಿಟಕಿಯ ಆಚೆ ಇದ್ದ ಹುಡುಗ ಒಳ್ಳೆಯವನೇ. "ಮನೆ ನಂಬರ್ ಎಷ್ಟು?" ಅಂದ. ಇಲ್ಲ ಅಂದೆ. "ಕರೆಂಟ್ ಬಿಲ್ ತನ್ನಿ, ಆರ್.ಆರ್. ನಂಬರ್ ಹಾಕೋಣ." ಕರೆಂಟ್ ಇಲ್ಲ, ಸೋಲಾರ್ ದೀಪ ಇದೆ ಅಂದೆ. "ಬಾಡಿಗೆ ಕರಾರು?" ಬಾಡಿಗೆ ಇಲ್ಲ, ಹೊಲದ ಮಾಲೀಕರ ಒಪ್ಪಿಗೆ ಪತ್ರ ಇದೆ ಅಂದೆ. ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದ. ಕೆಂಪು ಚುಕ್ಕಿ ಇರುವ ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. "ಯಾರದಾದ್ರೂ ಗುರುತಿನವರ ಮನೆ ನಂಬರ್ ಕೊಟ್ಟುಬಿಡಿ ಅಣ್ಣ, ಎಲ್ಲಾರೂ ಹಂಗೇ ಮಾಡ್ತಾರೆ" ಅಂದ.

ಆ ಮಾತು ನನಗೆ ನಾಟಿತು. ಹತ್ತೊಂಬತ್ತು ವರ್ಷ ಅರ್ಜಿಯ ಕೊನೆಗೆ 'ಮೇಲಿನ ಮಾಹಿತಿ ಸತ್ಯ' ಅಂತ ಬರೆದು ಜನರ ಹೆಬ್ಬೆಟ್ಟು ಒತ್ತಿಸಿದವನು ನಾನು. ಇಲ್ಲದ ಮನೆಯ ನಂಬರ್ ಹೇಗೆ ಬರೆಯಲಿ? ಬರೆಯಲಿಲ್ಲ. ಒಂದೂವರೆ ವರ್ಷದಲ್ಲಿ ಆರು ಸಲ ಹೋದೆ. ಆ ಕಾಲಂ ಈಗಲೂ ಖಾಲಿ ಇದೆ.

ನನಗೆ ಅಕ್ಕಿಯ ಚಿಂತೆ ಅಷ್ಟಿಲ್ಲ. ಒಬ್ಬನ ಹೊಟ್ಟೆ, ದುಡಿದು ತಿನ್ನುತ್ತೇನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಭಾನುವಾರ ಒಗ್ಗರಣಿ ಮಂಡಕ್ಕಿ ಜೊತೆಗೆ ಮಿರ್ಚಿ, ಇಷ್ಟರಲ್ಲಿ ಸುಖವಾಗಿದ್ದೇನೆ. ಗೃಹಜ್ಯೋತಿಯ 200 ಯೂನಿಟ್ಟೂ ಬೇಡ. ಬಾಡಿಗೆ ಉಳಿದ ದುಡ್ಡಿನಲ್ಲಿ ತಂಗಿಯ ಮಗಳ ನರ್ಸಿಂಗ್ ಫೀಸು ಕಟ್ಟುತ್ತಿದ್ದೇನೆ. ನಾನು ಗುಡಾರ ಆರಿಸಿಕೊಂಡವನು. ಆರಿಸಿಕೊಳ್ಳದೆ ಗುಡಾರಕ್ಕೆ ಬಂದವರು ಊರಿನ ಸುತ್ತ ಎಷ್ಟು ಜನ ಇದ್ದಾರೆ ಅಂತ ನಿಮಗೆ ಹೇಳಬೇಕು. ಈ ಪತ್ರ ಬರೆಯುವ ಧೈರ್ಯ ಬಂದದ್ದು ಅವರಿಂದ.

ಹೊಸ ಲೇಔಟುಗಳ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಹಳ್ಳದ ದಂಡೆಯಲ್ಲಿ ಜೋಪಡಿಗಳಿವೆ. ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಸಿಳ್ಳೇಕ್ಯಾತರು. ಕೂದಲು ತಗೊಂಡು ಪಾತ್ರೆ ಕೊಡುವವರು, ಪಿನ್ನು ಬಳೆ ಮಾರುವವರು, ಗುಜರಿ ಆಯುವವರು. ಅವರಲ್ಲಿ ಕೆಲವರು ನನ್ನ ಟೇಬಲ್ಲಿಗೆ ಬರುತ್ತಾರೆ. ಅವರ ಹತ್ತಿರ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಕಳೆದ ವರ್ಷ ಹಸ್ತ ಮಳೆಯ ಹೊತ್ತಿಗೆ ಒಬ್ಬ ಅಜ್ಜಿ ಬಂದು, "ಮನಿ ಕಿತ್ತಿಸಿದ್ರು ನೋಡಪ್ಪ" ಅಂತ ಕರೆದುಕೊಂಡು ಹೋದಳು. ಹಿಂದಿನ ದಿನ ಮಧ್ಯಾಹ್ನ ಯಾರೋ ಬಂದು ಸೈಟು ಖಾಲಿ ಮಾಡಿ ಅಂದಿದ್ದರು. ಗಂಡಸರು ಕೆಲಸಕ್ಕೆ ಹೋಗಿದ್ದರು. ಹೆಂಗಸರು ಕೈಗೆ ಸಿಕ್ಕಿದ್ದು ಎತ್ತಿಕೊಳ್ಳುವುದರೊಳಗೆ ಜೋಪಡಿಗಳು ನೆಲಕ್ಕೆ ಬಿದ್ದಿದ್ದವು. ರಾತ್ರಿ ಮಳೆ ಬಂತು.

ನಾನು ಹೋದಾಗ ಮಳೆ ನಿಂತಿತ್ತು. ಜಾಲಿ ಗಿಡದ ತುಂಬ ಕಾಗದ. ಆಧಾರ್ ಕಾರ್ಡುಗಳು, ಒಂದು ಜಾತಿ ಪ್ರಮಾಣಪತ್ರ, ಮಗುವಿನ ಲಸಿಕೆಯ ಹಳದಿ ಕಾರ್ಡು, ಒಂದು ಹತ್ತನೇ ಕ್ಲಾಸಿನ ಅಂಕಪಟ್ಟಿ. ಒಂದೊಂದನ್ನೂ ಮುಳ್ಳಿಗೆ ಸಿಕ್ಕಿಸಿ ಒಣಗಲು ಹಾಕಿದ್ದರು. ಅಂಕಪಟ್ಟಿಯ ಹುಡುಗಿ ಗಿಡದ ಕೆಳಗೆ ಕೂತು ಗಾಳಿಗೆ ಹಾರದ ಹಾಗೆ ಕೈ ಅಡ್ಡ ಹಿಡಿದಿದ್ದಳು. ಕನ್ನಡದಲ್ಲಿ 118 ಅಂಕ. ಶಾಯಿ ಅರ್ಧ ಕದಡಿಹೋಗಿತ್ತು, ಆ ಅಂಕ ಮಾತ್ರ ಓದಲು ಬರುತ್ತಿತ್ತು.

ಸ್ವಾಮಿ, ಅವರಿಗೆ ಒಂದು ದಿನ ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಅವರು ಅಲೆಮಾರಿಗಳು, ಎರಡು ತಾಸಿನಲ್ಲಿ ಮನೆ ಕಟ್ಟಿ ಎರಡು ತಾಸಿನಲ್ಲಿ ಬಿಚ್ಚುವುದು ಅವರಿಗೆ ಗೊತ್ತು. ಬೇರೆಯವರ ಸೈಟು ಬೇರೆಯವರದೇ. ಅದರಲ್ಲಿ ನನ್ನ ತಕರಾರಿಲ್ಲ. ಮಳೆ ಹಿಡಿದ ದಿನ, ಮುನ್ಸೂಚನೆ ಇಲ್ಲದೆ, ಗಂಡಸರಿಲ್ಲದ ಹೊತ್ತು ನೋಡಿ ಬರಬಾರದು. ಜೋಪಡಿಗೂ ನೋಟಿಸ್ ಕೊಡಬೇಕು. ಹಗಲು ಬಂದು, ಮೂರು ದಿನ ಗಡುವು ಕೊಟ್ಟು, ಎಲ್ಲಿಗೆ ಹೋಗಬೇಕು ಅಂತ ಒಂದು ಜಾಗ ತೋರಿಸಿ ಅಂತ ನಿಮ್ಮ ಕೆಳಗಿನ ಎಲ್ಲ ಇಲಾಖೆಗಳಿಗೂ ಒಂದು ಸುತ್ತೋಲೆ ಕಳಿಸಲು ನಿಮಗೆ ಸಾಧ್ಯ. ಜಾತ್ರೆಗೆ ಬರುವ ನಾಟಕ ಕಂಪನಿಗೆ, ಸರ್ಕಸ್ಸಿಗೆ ತಿಂಗಳುಗಟ್ಟಲೆ ಡೇರೆ ಹಾಕಲು ಅನುಮತಿ ಸಿಗುತ್ತದೆ. ಜಾಗ, ನೀರು, ದೀಪ ಎಲ್ಲ ಹೊಂದುತ್ತದೆ. ನಾಟಕ ನೋಡಲು ನಾನೂ ಹೋಗುತ್ತೇನೆ, ಅದು ಬೇಕು. ಆ ಅನುಮತಿಯ ಕಾಗದದ ಹಾಗೇ ಒಂದು ಕಾಗದ ಈ ಅಜ್ಜಿಗೂ ಕೊಡಬಹುದಲ್ವಾ?

ಇನ್ನು ವಿಳಾಸದ ಮಾತು. ಮತಕ್ಕೆ ಆದದ್ದು ಅಕ್ಕಿಗೆ ಯಾಕೆ ಆಗಬಾರದು? ರಾತ್ರಿ ಬಂದು ನೋಡಿ, 'ಇವರು ಇಲ್ಲಿ ಮಲಗುತ್ತಾರೆ' ಅಂತ ಬರೆದುಕೊಳ್ಳುವ ಆ ಪದ್ಧತಿಯನ್ನೇ ನಮ್ಮ ಜಿಲ್ಲೆಯಲ್ಲಿ ಪಡಿತರ, ಪಿಂಚಣಿ, ಶಾಲೆ ದಾಖಲಾತಿ ಎಲ್ಲಕ್ಕೂ ಒಪ್ಪುವ ಹಾಗೆ ಮಾಡಿ. ಗ್ರಾಮ ಆಡಳಿತಾಧಿಕಾರಿ ಬಂದು ನೋಡಲಿ. ಪಂಚನಾಮೆ ಮಾಡಲಿ. ಗುಡಾರಕ್ಕೂ ಒಂದು ನಂಬರ್ ಕೊಡಲಿ, ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದು ಹೋಗಲಿ. ಆ ಕೆಂಪು ಚುಕ್ಕಿಯ ಕಾಲಮ್ಮಿನಲ್ಲಿ 'ಗುಡಾರ' ಅಂತ ಒಂದು ಆಯ್ಕೆ ಸೇರಿಸಲು ಬೆಂಗಳೂರಿಗೆ ನೀವು ಬರೆದರೆ ಕೇಳುತ್ತಾರೆ. ನನ್ನಂಥವನು ಬರೆದರೆ ಸ್ವೀಕೃತಿ ಸಂಖ್ಯೆ ಬರುತ್ತದೆ ಅಷ್ಟೇ.

ಹೊಲದಲ್ಲಿ ವಾಸ ಕಾನೂನಿಗೆ ಹೊಂದುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಂ ನಾನೂ ಓದಿದ್ದೇನೆ, ಭೂ ಪರಿವರ್ತನೆ ಅರ್ಜಿ ಬರೆದೇ ಬೆರಳು ಸವೆದಿವೆ. ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ಹೊಲದವರು ಕಟ್ಟಿಕೊಳ್ಳಬಹುದು. ಬೇರೆ ಕೆಲಸಕ್ಕೆ ಜಮೀನು ತಿರುಗಿಸುವುದಾದರೆ ನಿಮ್ಮ ಅನುಮತಿ ಬೇಕು. ಸರಿ. ನಾನು ಜಮೀನು ತಿರುಗಿಸಿಲ್ಲ. ಒಂದು ಇಟ್ಟಿಗೆ ಇಟ್ಟಿಲ್ಲ. ಗೆಳೆಯನ ಶೇಂಗಾ, ಸಜ್ಜೆಗೆ ರಾತ್ರಿ ಕಾವಲು ನಾನೇ. ನಾಳೆ ಅವನು ಹೋಗು ಅಂದರೆ ಎಂಟು ಕಲ್ಲು ತೆಗೆದು ಗುಂಡಿ ಮುಚ್ಚಿದರೆ ಆಯಿತು, ಮುಂದಿನ ಮಳೆಗೆ ಅಲ್ಲಿ ಹುಲ್ಲು ಬಂದಿರುತ್ತದೆ. ಶೌಚಕ್ಕೆ ಬಯಲಿಗೆ ಹೋಗುವುದಿಲ್ಲ. ಬಾವಿಯಿಂದ ದೂರದಲ್ಲಿ ಎರಡು ಗುಂಡಿ ಮಾಡಿದ್ದೇನೆ. ಒಂದು ತುಂಬಿದ ಮೇಲೆ ಮುಚ್ಚಿ, ಇನ್ನೊಂದು ಬಳಸುವುದು. ಬೂದಿ ಹಾಕುತ್ತೇನೆ. ವಾಸನೆ ಇಲ್ಲ, ನೊಣ ಇಲ್ಲ.

ಬೇಸಿಗೆಯ ಒಂದು ಮಾತು ಬಾಕಿ ಇದೆ. ಅದು ನಿಮ್ಮ ಕೈಯಲ್ಲೇ ಇರುವುದು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಮನುಷ್ಯ ತಡೆಯುವುದಿಲ್ಲ ಅಂತ ಸರ್ಕಾರ ಒಪ್ಪಿಕೊಂಡು ಮಾಡಿದ ಒಳ್ಳೆಯ ಏರ್ಪಾಡು. ಆದರೆ ಕಚೇರಿ ಮುಚ್ಚಿದಾಗ ಅದರ ಗೇಟೂ ಮುಚ್ಚುತ್ತದೆ. ಒಳಗಿನ ವರಾಂಡ, ನೆರಳು, ಕುಡಿಯುವ ನೀರಿನ ನಲ್ಲಿ ಎಲ್ಲ ಗೇಟಿನ ಆಚೆ ಉಳಿಯುತ್ತವೆ. ಅಷ್ಟೊತ್ತಿಗೆ ಹೊರಗೆ 40 ಡಿಗ್ರಿ ದಾಟಿರುತ್ತದೆ. ಗುಡಾರದವರಿಗೆ ಹನ್ನೊಂದರಿಂದ ಐದರವರೆಗೆ ಗುಡಾರದ ಒಳಗೆ ಇರಲು ಆಗುವುದಿಲ್ಲ. ನನ್ನ ಎರಡು ಪದರದ ಬಟ್ಟೆಯೂ ಆಗ ಸೋಲುತ್ತದೆ, ಬೇವಿನ ಬುಡವೇ ಗತಿ. ಪ್ಲಾಸ್ಟಿಕ್ ಜೋಪಡಿಯಲ್ಲಿ ಬಾಣಂತಿ ಇದ್ದರೆ? ನಾನು ನೋಡಿದ್ದೇನೆ. ಕೂಸನ್ನು ಎತ್ತಿಕೊಂಡು ಎಟಿಎಂ ಬಾಗಿಲ ಬಳಿ ಕೂತಿದ್ದಳು, ಬಾಗಿಲು ತೆಗೆದಾಗಲೆಲ್ಲ ಒಳಗಿನ ತಣ್ಣನೆ ಗಾಳಿ ಒಂದಿಷ್ಟು ಹೊರಗೆ ಬರುತ್ತದೆ ಅಂತ. ಕಾವಲುಗಾರ ಏಳಿಸುವುದಕ್ಕೆ ಬಂದವನು ಕೂಸಿನ ಮುಖ ನೋಡಿ ಸುಮ್ಮನೆ ಹೋದ.

ಅದಕ್ಕೇ ಕೇಳುತ್ತೇನೆ. ಆ ಎರಡು ತಿಂಗಳು ಗ್ರಂಥಾಲಯ, ಸಮುದಾಯ ಭವನ, ಕಚೇರಿಗಳ ವರಾಂಡ, ಇವುಗಳಲ್ಲಿ ಕೆಲವನ್ನಾದರೂ ಸಂಜೆ 6ರವರೆಗೆ ತೆರೆದಿಡಿ. ಫ್ಯಾನು, ನೀರು, ಕೂರಲು ಚಾಪೆ ಸಾಕು. ಬಸ್ ನಿಲ್ದಾಣದ ಕಡೆ ಹೆಂಗಸರಿಗೆ ಸ್ನಾನಕ್ಕೆ ಒಂದು ಚೊಕ್ಕಟ ಜಾಗ ಇರಲಿ. ನಗರದಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಜನ ತಂಗುವ ಒಂದು ಆಶ್ರಯ ತಾಣ ಬೇಕು ಅಂತ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲೇ ಬರೆದಿದ್ದರು. 2011ರ ಜನಗಣತಿಯಲ್ಲೇ ನಮ್ಮ ನಗರ 4 ಲಕ್ಷ ದಾಟಿತ್ತು. ಲೆಕ್ಕ ನೀವೇ ಹಾಕಿ, ಇರುವುದನ್ನು ನೀವೇ ಎಣಿಸಿ.

ಎಣಿಸುವ ಮಾತು ಬಂದದ್ದಕ್ಕೆ ಇನ್ನೊಂದು. 2011ರಲ್ಲಿ ಮನೆಯಿಲ್ಲದವರನ್ನು ಒಂದೇ ರಾತ್ರಿ, ಫೆಬ್ರುವರಿ 28ರಂದು ಎಣಿಸಿದರು. ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಮನೆಯಿಲ್ಲದವರನ್ನು ಎಣಿಸುವ ರಾತ್ರಿ ಬಳ್ಳಾರಿಯಲ್ಲಿ ಹೋಗುವವರಿಗೆ ದಾರಿ ತೋರಿಸಲು ನಾನು ಸಿದ್ಧ. ಯಾವ ಹಳ್ಳದ ದಂಡೆಯಲ್ಲಿ ಎಷ್ಟು ಜೋಪಡಿ, ಯಾವ ಹೊಲದಲ್ಲಿ ಕುರಿಹಟ್ಟಿ, ಯಾವ ಇಟ್ಟಿಗೆ ಭಟ್ಟಿಯ ಹಿಂದೆ ಗುಳೆ ಬಂದವರು, ನನಗೆ ಗೊತ್ತು. ಸೈಕಲ್ ಇದೆ, ಟಾರ್ಚ್ ಇದೆ. ಕೂಲಿ ಬೇಡ. ಆ ಅಜ್ಜಿಯ ಹೆಸರು, ಅಂಕಪಟ್ಟಿಯ ಹುಡುಗಿಯ ಹೆಸರು ಎರಡೂ ಬರೆದದ್ದನ್ನು ಕಣ್ಣಾರೆ ನೋಡಬೇಕು.

ರಾತ್ರಿ ಇದನ್ನು ಬರೆಯುತ್ತಿದ್ದೇನೆ. ಪಡುವಣಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಆಕಾಶ ಎಂದಿನ ಹಾಗೆ ಕೆಂಪಗಿದೆ, ಅದೊಂದು ದಿಕ್ಕಿನಲ್ಲಿ ಚುಕ್ಕಿ ಕಾಣುವುದಿಲ್ಲ. ಉಳಿದ ಮೂರು ದಿಕ್ಕಿನಲ್ಲಿ ಕಾಣುತ್ತವೆ. ನೀವು ಒಮ್ಮೆ ಬಂದು ನೋಡಬೇಕು. ಬರುವುದಾದರೆ ರಾತ್ರಿಯೇ ಬನ್ನಿ, ನಿಯಮದಲ್ಲಿ ಇರುವ ಹಾಗೆ. ಸಂಗನಕಲ್ಲು ದಾಟಿದ ಮೇಲೆ ಎಡಕ್ಕೆ ಬಂಡಿದಾರಿ ಇದೆ. ಮೊದಲ ಬಾವಿ ನಮ್ಮದಲ್ಲ, ಎರಡನೆಯದು. ಅಲ್ಲಿಂದ ಒಂಟಿ ಬೇವಿನ ಮರ ಕಾಣುತ್ತದೆ, ಅದರ ಮೂಡಲಕ್ಕೆ ಗುಡಾರ. ಮಳೆಗಾಲವಾದರೆ ಎರೆ ಹೊಲ ಸೇರುವ ಮೊದಲೇ ಗಾಡಿ ನಿಲ್ಲಿಸಿ, ಟೈರು ಹೂತುಹೋಗುತ್ತದೆ. ಅಲ್ಲಿಂದ ಒಂದು ಕೂಗು ಹಾಕಿ, ನಾನು ದೀಪ ಹಿಡಿದು ಬರುತ್ತೇನೆ.

ಇಂತಿ,
ಬಳ್ಳಾರಿಯ ಒಬ್ಬ ಅರ್ಜಿ ಬರೆಯುವವ